ಮಾಗುಂಡಪ್ಪನ ಹೆಬ್ಬೆರಳಿನ ಮೇಲೆ ನಾನು

ನಾನು ಒಂದು ಶ್ರುತಿಕವೆ. ಡಾಕ್ಟರುಗಳು ಟ್ಯೂನಿಂಗ್ ಫೋರ್ಕ್ ಅನ್ನುತ್ತಾರೆ, ನೇಕಾರರ ಓಣಿಯವರು ಗುಂಯ್ ಚಿಮಟ ಅನ್ನುತ್ತಾರೆ. ಎರಡು ಕೋಡು, ಕೆಳಗೊಂದು ಹಿಡಿ, ಇಷ್ಟೇ ನನ್ನ ದೇಹ. ಆದರೆ ನನ್ನನ್ನು ಒಮ್ಮೆ ಅಂಗೈಗೆ ಬಡಿದರೆ ಏಳು ಹಳ್ಳಿ ನಡುಗುತ್ತವೆ.

ನಾನು ಹುಟ್ಟಿದ ದಿನ ಕಾರ್ಖಾನೆಯ ಗಾಜುಗಳೆಲ್ಲ ಪುಡಿಪುಡಿಯಾದವು. ಒಂದು ಟೀ ಲೋಟ ಒಡೆದದ್ದಂತೂ ಖಂಡಿತ. ಯಾರದೋ ಮೊಣಕೈ ತಾಗಿ ಅದು ಬಿತ್ತು ಅನ್ನುವುದು ನನ್ನನ್ನು ಕಂಡರಾಗದವರ ಮಾತು. ಸೆಕೆಂಡಿಗೆ ಲಕ್ಷ ಸಲ ನಡುಗುವ ನನ್ನ ಮೈಮೇಲೆ ಬರೀ ನೂರ ಇಪ್ಪತ್ತೆಂಟು ಎಂದು ಕೊರೆದು ಕಳಿಸಿದರು. ಅದೂ ಹೊಟ್ಟೆಕಿಚ್ಚೇ.

ನನ್ನ ಮೊದಲ ಒಡೆಯ ಹುಬ್ಬಳ್ಳಿಯ ಒಂದು ದೊಡ್ಡ ಆಸ್ಪತ್ರೆಯ ಡಾಕ್ಟರ್ ಬೆಳವಡಿ. ಕೊಳೆತ ಕಾಲುಗಳನ್ನು ಕತ್ತರಿಸುವುದು ಅವರ ಕೆಲಸ. ಸಕ್ಕರೆ ಕಾಯಿಲೆ ಹಳೆಯದಾದರೆ ಪಾದದ ನರಗಳು ಸದ್ದಿಲ್ಲದೆ ಸಾಯುತ್ತವೆ. ಮುಳ್ಳು ಚುಚ್ಚಿದರೂ ತಿಳಿಯುವುದಿಲ್ಲ, ಕೆಂಡ ತುಳಿದರೂ ತಿಳಿಯುವುದಿಲ್ಲ. ಡಾಕ್ಟರು ನನ್ನನ್ನು ಬಡಿದು ರೋಗಿಯ ಹೆಬ್ಬೆರಳಿನ ಎಲುಬಿನ ಮೇಲೆ ಊರಿ ನಿಲ್ಲಿಸುತ್ತಿದ್ದರು. ಗುಂಯ್ ಅನ್ನುವ ನಡುಕ ತಿಳಿದರೆ ಪಾದಕ್ಕೆ ಜೀವವಿದೆ ಎಂದರ್ಥ. ಹೀಗೆ ನಾನು ಮುಟ್ಟಿದ ಪಾದಗಳನ್ನು ಸಾಲಾಗಿ ನಿಲ್ಲಿಸಿದರೆ ಹುಬ್ಬಳ್ಳಿಯಿಂದ ಕಾಶಿಯವರೆಗೆ ಹೋಗಿ ವಾಪಸ್ಸೂ ಬರುತ್ತವೆ.

ಆಮೇಲೆ ತಂತಿಗಳನ್ನು ಇಳಿಬಿಟ್ಟುಕೊಂಡ ದೊಡ್ಡ ಯಂತ್ರವೊಂದು ಬಂತು. ನಾನು ಪುಕ್ಕಟೆಯಾಗಿ ಹೇಳುತ್ತಿದ್ದುದನ್ನು ಅದು ಬಿಲ್ಲು ಹಾಕಿ ಹೇಳತೊಡಗಿತು. ನನ್ನನ್ನು ಮೇಜಿನ ಡ್ರಾಯರಿನೊಳಗೆ ಹಾಕಿದರು. ಅಲ್ಲಿ ಕತ್ತಲೆ. ಇತ್ತ ಯಂತ್ರವೂ ಕೆಲಸ ಮಾಡುತ್ತಿತ್ತು, ಅತ್ತ ಗರಗಸವೂ.

ಆಸ್ಪತ್ರೆಯ ವಾರ್ಡಿನಲ್ಲಿದ್ದ ಮೆಹರುನ್ನಿಸಾ ಸಿಸ್ಟರಿಗೆ ಬಾಗಲಕೋಟೆ ಕಡೆಯ ಒಂದು ನೇಕಾರರ ಊರಿನ ಆರೋಗ್ಯ ಉಪಕೇಂದ್ರದಲ್ಲಿ ಸರ್ಕಾರಿ ಕೆಲಸ ಸಿಕ್ಕಿತು. ಹೊರಡುವ ದಿನ ಬೆಳವಡಿಯವರು ಡ್ರಾಯರ್ ಎಳೆದು ನನ್ನನ್ನು ಅವರ ಕೈಗಿಟ್ಟರು.

"ನೀವು ಹೊಂಟಿರೋ ಊರಿಂದನ ನನಗ ಹೆಚ್ಚು ಕಾಲು ಬರ್ತಾವ್ರಿ ಸಿಸ್ಟರ್. ಇಲ್ಲಿ ಒಂದು ಕಾಲು ಕಡಿಯೋ ಖರ್ಚಿನ್ಯಾಗ ಅಲ್ಲಿ ಇಡೀ ಓಣಿ ಕಾಲು ನೋಡಬಹುದು. ಅಲ್ಲೇ ತಡೀರಿ."

"ನಾ ತಡದ್ರ ನಿಮ್ಮ ಕೆಲಸಾ ಹೊಕ್ಕೈತಲ್ಲ ಸರ್," ಎಂದರು ಸಿಸ್ಟರ್.

"ಹೋಗ್ಲಿ. ನನಗೂ ಸಾಕಾಗೈತಿ," ಎಂದು ಅವರು ಕೈ ತೊಳೆಯಲು ಎದ್ದರು.

ಹೀಗೆ ನನ್ನ ದಿಗ್ವಿಜಯ ಶುರುವಾಯಿತು. ಸಿಸ್ಟರ್ ಮನೆಮನೆಗೆ ಹೋಗಿ ಬೆರಳು ಚುಚ್ಚಿ ಸಕ್ಕರೆ ನೋಡುವರು. ಸಕ್ಕರೆ ಇದ್ದವರ ಪಾದಕ್ಕೆ ನನ್ನನ್ನು ಹಚ್ಚುವರು. ಆ ಓಣಿಯಲ್ಲಿ ಒಂದು ಮನೆ ಬಿಟ್ಟು ಒಂದು ಮನೆಯಲ್ಲಿ ವಿದ್ಯುತ್ ಮಗ್ಗ. ಗೋಡೆ, ನೆಲ, ನೀರಿನ ಕೊಡ ಎಲ್ಲವೂ ಇಡೀ ದಿನ ಅದುರುತ್ತಿದ್ದವು. ಹೆಬ್ಬೆರಳಿಗೆ ನನ್ನನ್ನು ಊರಿದ ಕೂಡಲೇ ಎಲ್ಲರದೂ ಒಂದೇ ಮಾತು: "ಬರ್ತೈತ್ರಿ, ಗುಂಯ್ ಅಂತೈತಿ." ಸತ್ತ ಪಾದ ಒಂದೂ ಸಿಗಲಿಲ್ಲ. ನನ್ನ ಪ್ರತಾಪಕ್ಕೆ ಹೆದರಿ ಸತ್ತ ನರಗಳೇ ಎದ್ದು ಕೂತವು ಎಂದು ನಾನು ಬೀಗಿದೆ.

ಮಾಗುಂಡಪ್ಪನ ಮನೆಗೆ ಹೋದದ್ದು ಒಂದು ಮಧ್ಯಾಹ್ನ. ಅವನದು ಕುಳಿ ಮಗ್ಗ. ನೆಲದಲ್ಲಿ ತೋಡಿದ ಕುಳಿಯೊಳಗೆ ಕಾಲು ಇಳಿಬಿಟ್ಟು, ಎರಡು ಹಲಗೆಗಳನ್ನು ಒಂದಾದ ಮೇಲೊಂದು ತುಳಿಯುತ್ತ ನೇಯಬೇಕು. ಮಗ್ಗ ದೇವರ ಸಮಾನ, ಹಾಗಾಗಿ ಚಪ್ಪಲಿ ಇಲ್ಲ. ಅವನ ಅಣ್ಣನೂ ನೇಕಾರನೇ. ಹುಬ್ಬಳ್ಳಿಗೆ ಹೋಗಿ ಒಂದು ಕಾಲು ಬಿಟ್ಟು ಬಂದವನು ಈಗ ಪಕ್ಕದ ಕಟ್ಟೆಯ ಮೇಲೆ ಗೋಡೆ ನೋಡುತ್ತ ಕೂತಿರುತ್ತಾನೆ. ಒಂದು ಕಾಲಲ್ಲಿ ಎರಡು ಹಲಗೆ ತುಳಿಯಲಾಗದು.

ಸಿಸ್ಟರ್ ಒಳಗೆ ಬಂದಾಗ ಮಾಗುಂಡಪ್ಪನ ಹೆಂಡತಿ ದಾನವ್ವ ನೆಲ ಒರೆಸುತ್ತಿದ್ದಳು. ಕುಳಿಯಿಂದ ಬಚ್ಚಲಿನವರೆಗೆ ಕೆಂಪು ಹೆಜ್ಜೆಗಳು.

"ಇವರ ಕಾಲಾಗ ಮನೀ ಅನ್ನೋದು ಹೋಳಿ ಹುಣ್ಣಿವಿ ಆಗೈತ್ರಿ ಅಕ್ಕಾರ," ಎಂದಳು. "ನೂಲಿಗೆ ಬಣ್ಣಾ ಹಾಕಿದ ತೊಟ್ಟಿ ಮುಂದ ಹಾದು ಬರ್ತಾರ, ದಿನಾ ಒರಸೋದು ನಾನು."

ನೇಕಾರರ ಮನೆಯಲ್ಲಿ ಕೆಂಪು ಹೆಜ್ಜೆಯನ್ನು ಯಾರೂ ಎರಡನೇ ಸಲ ನೋಡುವುದಿಲ್ಲ. ಸಿಸ್ಟರ್ ನೋಡಿದರು. ಹೆಜ್ಜೆ ಎರಡಲ್ಲ, ಬಲಗಾಲಿನದು ಮಾತ್ರ.

ಮಾಗುಂಡಪ್ಪನನ್ನು ಕೂರಿಸಿ ಕಣ್ಣು ಮುಚ್ಚಲು ಹೇಳಿದರು. ನನ್ನನ್ನು ಬಡಿಯಲೇ ಇಲ್ಲ. ಸುಮ್ಮನೆ, ತಣ್ಣಗೆ ಅವನ ಬಲ ಹೆಬ್ಬೆರಳಿನ ಮೇಲೆ ಊರಿದರು.

"ಗೊತ್ತಾಗ್ತೈತೇನ್ರಿ?"

"ಗೊತ್ತಾಗ್ದ ಏನ್ರಿ. ಜೋರಾಗೇ ಬರ್ತೈತಿ."

ನೋಡಿ, ಬಡಿಯದೆಯೂ ಮೊಳಗುವ ಶ್ರುತಿಕವೆ ಭೂಮಂಡಲದಲ್ಲಿ ನಾನೊಬ್ಬನೇ. ಸಿಸ್ಟರ್ ಮಾತ್ರ ನಗಲಿಲ್ಲ. ಅದುರುತ್ತಿದ್ದ ನೆಲಕ್ಕೆ ಅಂಗೈ ಊರಿ ನೋಡಿದರು. ಅಷ್ಟರಲ್ಲಿ ಕರೆಂಟು ಹೋಯಿತು. ಓಣಿಯ ಮಗ್ಗಗಳೆಲ್ಲ ಒಂದೊಂದಾಗಿ ನಿಂತವು. ಕೊಡದ ನೀರು ಅಲುಗದೆ ನಿಂತಿತು. ಅಂಥ ಮೌನವನ್ನು ನಾನು ಡ್ರಾಯರಿನೊಳಗೂ ಕೇಳಿರಲಿಲ್ಲ.

ಈಗ ಸಿಸ್ಟರ್ ನನ್ನನ್ನು ಬಲವಾಗಿ ಬಡಿದರು. ಹೆಬ್ಬೆರಳಿನ ಮೇಲೆ ಊರಿದರು. ನಾನು ಮೈಯೆಲ್ಲ ನಡುಗಿದೆ. ಮಾಗುಂಡಪ್ಪ ಕಣ್ಣು ಮುಚ್ಚಿ ಕಾದ. ಇನ್ನೂ ಕಾದ. ಮುಖದಲ್ಲಿ ಏನೂ ಇರಲಿಲ್ಲ.

"ಹಚ್ಚ್ರಲ್ಲ ಮತ್ತ, ಸಿಸ್ಟರ್," ಎಂದ.

ನನ್ನ ನಡುಕ ಮುಗಿದು ಹೋಯಿತು.

ದಾನವ್ವ ಒರೆಸುವ ಬಟ್ಟೆ ಹಿಡಿದು ಅಲ್ಲೇ ನಿಂತಿದ್ದಳು. "ಹಚ್ಯಾರ್ರಿ," ಎಂದಳು ಮೆಲ್ಲಗೆ.

ಅವನು ಕಣ್ಣು ಬಿಟ್ಟ. ತನ್ನ ಹೆಬ್ಬೆರಳನ್ನೂ ಅದರ ಮೇಲೆ ನಿಂತ ನನ್ನನ್ನೂ ಬೇರೆ ಯಾರದೋ ಸಾಮಾನು ನೋಡುವಂತೆ ನೋಡಿದ. ಇಷ್ಟು ದಿನ ಅವನಿಗೆ ಬರುತ್ತಿದ್ದುದು ಓಣಿಯ ಮಗ್ಗಗಳ ಅದುರು, ಅದೂ ಪಾದದಿಂದಲ್ಲ, ಕೂತ ನೆಲದಿಂದ ಸೊಂಟಕ್ಕೆ. ಸಿಸ್ಟರ್ ಅಂಗಾಲು ಎತ್ತಿದರು. ಹಲಗೆಯ ಸಣ್ಣ ಮೊಳೆಯೊಂದು ಮುರಿದು ಒಳಗೆ ಕೂತಿತ್ತು. ಸುತ್ತ ಕೀವು, ರಕ್ತ.

"ಹಂಗಾರ ನಾ ಒರಸಿದ್ದು..." ಎಂದು ದಾನವ್ವ ಕೈಯಲ್ಲಿದ್ದ ಬಟ್ಟೆ ಬಿಡಿಸಿ ನೋಡಿದಳು.

ಸಿಸ್ಟರ್ ಮೊಳೆ ತೆಗೆದರು, ತಾಲ್ಲೂಕು ಆಸ್ಪತ್ರೆಯಿಂದ ಔಷಧಿ ತರಿಸಿದರು, ದಿನವೂ ಬಂದು ಗಾಯ ತೊಳೆದರು. ಗಾಯ ಮಾಯುವವರೆಗೆ ಮಗ್ಗಕ್ಕೆ ಇಳಿಯಬಾರದು ಎಂದರು. ಮಾಗುಂಡಪ್ಪ ಅಣ್ಣನ ಪಕ್ಕ ಕಟ್ಟೆಯ ಮೇಲೆ ಕೂತ. ಒಮ್ಮೆ ಅಣ್ಣ, "ಈ ಗ್ವಾಡಿ ನಂದು, ನೀ ಬ್ಯಾರೆ ಗ್ವಾಡಿ ನೋಡ್ಕೊ," ಎಂದ.

ಗಾಯ ಮಾಯಿತು. ಸಿಸ್ಟರ್ ಓಣಿಯ ಸಕ್ಕರೆ ಮನೆಗಳಿಗೆಲ್ಲ ಒಂದೊಂದು ಕನ್ನಡಿ ಕೊಟ್ಟರು, ಬಳೆ ಅಂಗಡಿಯ ಅಗ್ಗದ ಕನ್ನಡಿ. ಕುಳಿಯಿಂದ ಎದ್ದವರು ಅಲ್ಲೇ ಅಂಚಿಗೆ ಕೂತು ಅಂಗಾಲನ್ನು ಅದರಲ್ಲಿ ನೋಡಿಕೊಳ್ಳಬೇಕು. ಪಾದಗಳ ಚಕ್ರವರ್ತಿಯಾದ ನನಗೆ ಬಳೆ ಅಂಗಡಿಯ ಚೂರೊಂದು ಜೊತೆಗಾರ. ನುಂಗಿಕೊಂಡೆ.

ಮಾಗುಂಡಪ್ಪ ಒಪ್ಪಲಿಲ್ಲ. "ಮಗ್ಗಕ್ಕ ಯಾರರ ಅಂಗಾಲು ತೋರಸ್ತಾರೇನ?"

"ಮಗ್ಗಕ್ಕ ಬ್ಯಾಡ, ಆ ಕಡೆ ತಿರುಗಿ ನನಗ ತೋರಸ್ರಿ," ಎಂದಳು ದಾನವ್ವ. "ಇಷ್ಟು ವರ್ಷ ಮಾರಿ ನೋಡಿ ಬ್ಯಾಸತ್ತೀನಿ. ಇನ್ನ ಅಂಗಾಲರ ನೋಡ್ತೀನಿ."

ಸಿಸ್ಟರ್ ಆಮೇಲೆ ಮಗ್ಗಗಳು ನಿಂತ ಹೊತ್ತಿನಲ್ಲೇ ಓಣಿಯನ್ನು ಮತ್ತೆ ಸುತ್ತಿದರು. ಬರ್ತೈತಿ ಅಂದಿದ್ದ ಎಷ್ಟೋ ಜನ ಈ ಸಲ ಸುಮ್ಮನೆ ಕೂತರು. ಅವರ ಕಾಲುಗಳು ಹುಬ್ಬಳ್ಳಿಗೆ ಹೋಗಲಿಲ್ಲ. ಕತ್ತರಿಸದ ಕಾಲಿಗೆ ಬಿಲ್ಲಿಲ್ಲ, ಸನ್ಮಾನವೂ ಇಲ್ಲ. ನನಗಂತೂ ಊರ ನಡುವೆ ಕಲ್ಲಿನ ಪ್ರತಿಮೆ ನಿಲ್ಲಬೇಕಿತ್ತು.

ಒಂದು ದಿನ ಸಿಸ್ಟರ್ ಅವರ ಚೀಲದಿಂದ ಜಾರಿ ಮಾಗುಂಡಪ್ಪನ ಕುಳಿಯೊಳಗೆ ಬಿದ್ದೆ. ಭೂಕಂಪವಾಗಬೇಕಿತ್ತು, ಠಣ್ ಅಂತಷ್ಟೇ ಆಯಿತು. ಒಂದು ಕೋಡು ಸೊಟ್ಟಗಾಯಿತು. ಸೊಟ್ಟ ಕೋಡಿನಿಂದ ನಡುಕ ಹುಟ್ಟುವುದಿಲ್ಲ. ಉಪಕೇಂದ್ರಕ್ಕೆ ಹೊಸದು ಬಂತು. ದಾನವ್ವ ನನ್ನನ್ನು ಕೇಳಿ ಇಸಿದುಕೊಂಡು ಕನ್ನಡಿಯ ಪಕ್ಕದ ಮೊಳೆಗೆ ನೇತುಹಾಕಿದಳು.

ಈಗ ನನಗೂ ಏನೂ ಗೊತ್ತಾಗುವುದಿಲ್ಲ. ಗೋಡೆ ಅದುರುತ್ತದೆಯಂತೆ, ಇರಬಹುದು. ಮಾಗುಂಡಪ್ಪ ಎರಡೂ ಕಾಲಿನಿಂದ ನೇಯುತ್ತಾನೆ. ಹಲಗೆ ಕೆಳಗಿಳಿದದ್ದನ್ನು ಕಣ್ಣಿನಿಂದ ನೋಡಿ ತಿಳಿಯುತ್ತಾನೆ. ಸಂಜೆ ಕುಳಿಯಿಂದ ಎದ್ದು, ಮಗ್ಗಕ್ಕೆ ಬೆನ್ನು ಮಾಡಿ ಕೂತು, ಅಂಗಾಲು ಎತ್ತುತ್ತಾನೆ. ದಾನವ್ವ ಕೈಯಾಡಿಸಿ ನೋಡುತ್ತಾಳೆ.

"ಮುಟ್ಟಿಯೇನ?" ಎನ್ನುತ್ತಾನೆ.

"ಮುಟ್ಟಿ ಆತು. ಏಳ್ರಿ."

ನಿನ್ನೆ ಅವನು ಎದ್ದು ಬಚ್ಚಲಿಗೆ ಹೋದ ದಾರಿಯಲ್ಲಿ ಮತ್ತೆ ಕೆಂಪು ಹೆಜ್ಜೆಗಳು ಮೂಡಿದವು. ದಾನವ್ವ ಬಟ್ಟೆ ತೆಗೆದುಕೊಂಡು ಬಂದಳು. ಒರೆಸುವ ಮೊದಲು ಬಗ್ಗಿ ಒಂದು ಹೆಜ್ಜೆಯ ಮೇಲೆ ಬೆರಳಿಟ್ಟಳು, ಬೆರಳನ್ನು ಮೂಗಿನ ಹತ್ತಿರ ತಂದಳು, ಮೂಸಿದಳು.

"ಬಣ್ಣ," ಎಂದು ಯಾರಿಗೂ ಅಲ್ಲದೆ ಹೇಳಿ, ಒರೆಸಿದಳು.