ಹತ್ತಿ ತೆಗೆದ ಡಬ್ಬಿ

ಡೊರ್ಕಾಸಳ ಮನೆತನದಲ್ಲಿ ಚೊಚ್ಚಲ ಮಗುವನ್ನು ತೂಗಿ ಮಲಗಿಸುವ ಬಿಲಂ ಎಂಬ ನಾರಿನ ಚೀಲವನ್ನು ತಾಯಿಯ ಸೋದರತ್ತೆಯೇ ಹೆಣೆಯಬೇಕು. ಬೇರೆಯವರು ಹೆಣೆದರೆ ಅವರ ಊರು ಗೊರೊಕಾದ ಅಜ್ಜಿಯರು ಮೂಗು ಮುರಿಯುತ್ತಾರೆ. ಅಣ್ಣನ ಮಗಳು ವೆನಾಳಿಗೆ ದಿನ ತುಂಬುತ್ತಾ ಬಂದಿತ್ತು. ನಾರು ಮೂಲೆಯಲ್ಲೇ ಬಿದ್ದಿತ್ತು.

“ಏನತ್ತೆ, ಮಗು ಶಾಲೆಗೆ ಹೋಗೋ ಹೊತ್ತಿಗೆ ಕೊಡ್ತೀಯಾ?” ಎಂದು ವೆನಾ ಛೇಡಿಸಿದಳು.

“ಮಂಡಿ ನೋವು ಕಣೆ.”

ನೋವಿದ್ದದ್ದು ಮಂಡಿಯಲ್ಲಲ್ಲ. ಬಿಲಂ ನಾರನ್ನು ಬರಿ ತೊಡೆಯ ಮೇಲೆ ಉಜ್ಜಿ ಹೊಸೆಯಬೇಕು. ತನಗೆ ಎಚ್‌ಐವಿ ಇದೆಯೆಂದು ಗೊತ್ತಾದ ಮೇಲೆ, ತನ್ನ ಮೈಗೆ ತಾಗಿದ ನೂಲಿನಲ್ಲಿ ಮಗು ಮಲಗುವುದನ್ನು ನೆನೆದರೇ ಡೊರ್ಕಾಸಳ ಕೈ ಹಿಂದೆ ಸರಿಯುತ್ತಿತ್ತು. ಕೇಳೋಣವೆಂದರೆ ಯಾರನ್ನು? ಔಷಧಿಗೂ ಅವಳು ಗುರುತಿನವರಿಲ್ಲದ ದೂರದ ಆಸ್ಪತ್ರೆಗೆ ಕದ್ದು ಹೋಗಿ ಬರುತ್ತಿದ್ದಳು.

ಅಲ್ಲಿಯ ಬೆಂಚಿನ ಮೇಲೆ ಒಂದು ದಿನ ಚೀಲ ಜಾರಿ ಮಾತ್ರೆಯ ಡಬ್ಬಿ ಉರುಳಿತು. ಪಕ್ಕದಲ್ಲಿದ್ದ ದಪ್ಪನೆಯ ಹೆಂಗಸು ಅದನ್ನೆತ್ತಿ ಕಿವಿಯ ಬಳಿ ಅಲ್ಲಾಡಿಸಿದಳು.

“ಸದ್ದೇ ಇಲ್ಲ. ಹತ್ತಿ ತುರುಕಿದೀಯಾ?”

ಡೊರ್ಕಾಸ್ ತಲೆ ತಗ್ಗಿಸಿದಳು.

“ಅದಕ್ಯಾಕೆ ನಾಚಿಕೆ ತಂಗಿ? ನಾನು ಹಳೇ ಕಾಲುಚೀಲ ತುರುಕಿದ್ದೆ. ಮಾತ್ರೆಗೆಲ್ಲ ಅದೇ ವಾಸನೆ.”

ಎಷ್ಟೋ ದಿನಗಳ ಮೇಲೆ ಡೊರ್ಕಾಸಳಿಗೆ ನಗು ಬಂತು. ಹೆಂಗಸಿನ ಹೆಸರು ನವೋಮಿ. “ಬಾ, ಹಿಂದಿನ ಕೋಣೇಲಿ ನಮ್ಮ ಸಂಘ ಸೇರಿದೆ. ಎಲ್ರೂ ನಮ್ಮಂಥೋರೇ.”

“ಊರಿಗೆಲ್ಲ ಗೊತ್ತಾಗ್ಲಿ ಅಂತಲಾ?”

“ನಿಂದು ಹೊರಗೆ ಬಿದ್ರೆ ನಂದೂ ಬೀಳುತ್ತಲ್ಲ. ಒಳಗಿನ ಮಾತು ಒಳಗೇ. ಹೋದ್ಸಲ ಔಷಧಿ ಮುಗೀತು ಅಂದ್ರು. ಒಬ್ಬೊಬ್ಳೇ ಅತ್ಕೊಂಡು ಮನೆಗೆ ಹೋಗಿದ್ರೆ ಯಾರು ಕೇಳ್ತಿದ್ರು? ಎಲ್ಲ ಸೇರಿ ಅಧಿಕಾರಿ ಬಾಗಿಲಲ್ಲಿ ಕೂತ್ವಿ. ಔಷಧಿ ಬಂತು.”

ಕೋಣೆಯಲ್ಲಿ ಹೆಂಗಸರು ಕಾಲು ಚಾಚಿ, ಹರಟುತ್ತಾ ನಾರು ಹೊಸೆಯುತ್ತಿದ್ದರು. ಒಬ್ಬಳ ಪಕ್ಕದ ಬಿಲಂನಲ್ಲಿ ಕೂಸು ನಿದ್ದೆ ಹೋಗಿತ್ತು. ಡೊರ್ಕಾಸ್ ಬಾಗಿಲಲ್ಲೇ ನಿಂತು ಕೇಳಿಯೇಬಿಟ್ಟಳು: “ನೂಲಿಂದ ಮಗುಗೆ ಬರಲ್ವಾ?”

“ನೂಲಿಂದ, ಬೆವರಿಂದ, ಮುತ್ತು ಕೊಡೋದ್ರಿಂದ, ಒಂದೇ ತಟ್ಟೇಲಿ ಗೆಣಸು ತಿನ್ನೋದ್ರಿಂದ ಬರಲ್ಲ ಅಕ್ಕಾ,” ಎಂದಳು ಕೂಸಿನ ತಾಯಿ. “ಬಸುರೀಲೂ ದಿನಾ ಮಾತ್ರೆ ತಗೊಂಡೆ, ಡಾಕ್ಟರ್ ಹೇಳ್ದಂಗೆ ಕೇಳ್ದೆ. ಇವನಿಗೆ ಪರೀಕ್ಷೆ ಆಯ್ತು, ಏನೂ ಇಲ್ಲ.”

ಊರಿಗೆ ಮರಳಿ ಡೊರ್ಕಾಸ್ ತನ್ನ ವಿಷಯವನ್ನೆಲ್ಲ ವೆನಾಳಿಗೆ ಹೇಳಿದಳು. ವೆನಾ ಹೊಟ್ಟೆಯ ಮೇಲೆ ಕೈಯಿಟ್ಟು ಮೂಲೆಯ ನಾರಿನತ್ತ ನೋಡಿದಳು.

“ನಿಂಗೆ ನಂಬಿಕೆ ಬರದಿದ್ರೆ ಸಂಘಕ್ಕೆ ಬಂದು ನೀನೇ ಕೇಳು. ಮನೆಯವರನ್ನೂ ಕರೀತಾರೆ.”

ವೆನಾ ಹೋದಳು. ನರ್ಸನ್ನೂ ಕೇಳಿದಳು, ಕೂಸನ್ನೂ ಎತ್ತಿಕೊಂಡಳು, ಕಾಲುಚೀಲದ ಕಥೆಗೆ ಬಿದ್ದು ಬಿದ್ದು ನಕ್ಕಳು. ಮರಳುವಾಗ ಬಸ್ಸಿನಲ್ಲಿ, “ಮಂಡಿ ನೋವು ಸುಳ್ಳು ತಾನೆ?” ಎಂದಳು.

“ಸುಳ್ಳು.”

“ಹಾಗಾದ್ರೆ ನಾಳೆಯಿಂದ ಕೂತ್ಕೋ. ನಾರು ನಾನು ಬಿಡಿಸ್ಕೊಡ್ತೀನಿ.”

ಈಗ ಸಂತೆಯಲ್ಲಿ ವೆನಾ ಶುಂಠಿ ಮಾರುವಾಗ, ಹಿಂದಿನ ಮರದ ಕೊಂಬೆಗೆ ತೂಗುಹಾಕಿದ, ಅತ್ತೆ ಹೆಣೆದ ಕೆಂಪು ಬಿಲಂನಲ್ಲಿ ಅವಳ ಮಗಳು ಮಲಗಿರುತ್ತಾಳೆ. ಮಾತ್ರೆಯ ಹೊತ್ತಾದಾಗ ಪಕ್ಕದಲ್ಲಿ ಕೂತ ಡೊರ್ಕಾಸ್ ಡಬ್ಬಿ ತೆಗೆಯುತ್ತಾಳೆ. ಅದರಲ್ಲೀಗ ಹತ್ತಿಯಿಲ್ಲ. ಗಿಲಗಿಲ ಸದ್ದಿಗೆ ಮಗು ಎಚ್ಚೆತ್ತು, ಆಟಿಕೆಯೆಂದು ಕೈ ಚಾಚುತ್ತದೆ.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ಸದ್ದಿಲ್ಲದ ಡಬ್ಬಿಯೊಂದು ಇದ್ದೀತು. ಎಚ್‌ಐವಿ ಇರುವವರ ಸಂಘಗಳು ನಮ್ಮ ಕಡೆಯೂ ಇವೆ. ಔಷಧಿ ಕೊಡುವ ಎಆರ್‌ಟಿ ಕೇಂದ್ರದ ಆಪ್ತಸಮಾಲೋಚಕರನ್ನು ವಿಚಾರಿಸಿ. ಒಬ್ಬರೇ ಹೋಗಲು ಹಿಂಜರಿಯುವವರಿದ್ದರೆ, ಜೊತೆಗೆ ನೀವು ಹೋಗಿ.