ಹುಮನಾಬಾದಿನಲ್ಲಿ ನಿಂತ ಲಾರಿ

ವೈಜನಾಥ ಸಾವಕಾರರು ತನ್ನ ಬಾಗಿಲಿಗೆ ಯಾಕೆ ಬಂದರೆಂದು ಖಮರುದ್ದೀನನಿಗೆ ತಿಳಿಯಲಿಲ್ಲ. ನಿಜಾಮನ ರಾಜ್ಯವನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಕಾರ್ಯಾಚರಣೆಯ ಗದ್ದಲ ಮುಗಿದು ವರ್ಷ ದಾಟಿತ್ತು. ಅದಕ್ಕೆ ಮುಂಚೆ ಸಾವಕಾರರ ಲಾರಿ ಓಡಿಸುತ್ತಿದ್ದವನು, ಕೆಟ್ಟರೆ ರಿಪೇರಿ ಮಾಡುತ್ತಿದ್ದವನು ಇವನೇ. ಗದ್ದಲದಲ್ಲಿ ಹೆಂಡತಿ ಅನ್ವರಿಯನ್ನು ಕರೆದುಕೊಂಡು ಹೈದರಾಬಾದಿನ ನಂಟರ ಮನೆ ಸೇರಿದ್ದ. ಮರಳಿದಾಗ ಲಾರಿಯಲ್ಲಿ ಮಚ್ಚೇಂದ್ರ ಎಂಬ ಹೊಸ ಡ್ರೈವರ್ ಕೂತಿದ್ದ. ಸಾವಕಾರರು ಕರೆಯಲಿಲ್ಲ, ಇವನು ಕೇಳಲಿಲ್ಲ. ಆಗಿನ್ನೂ ಜನ ಕಲ್ಯಾಣಿ ಎಂದೇ ಕರೆಯುತ್ತಿದ್ದ ಬಸವಕಲ್ಯಾಣದ ಕೋಟೆ ಹತ್ತಿರ ಸೈಕಲ್ಲು, ಗ್ಯಾಸ್‌ಬತ್ತಿ ರಿಪೇರಿ ಮಾಡಿಕೊಂಡಿದ್ದ.

"ಖಮರು, ಗಾಡಿ ಹುಮನಾಬಾದ್‌ದಾಗ ನಿಂತದ," ಎಂದರು ಸಾವಕಾರರು. "ತೊಗರಿ ತುಂಬ್ಯದ. ಮಾರೋ ಅಡತಿ ಅಂಗಡಿ ಕಣ್ಣಿಗಿ ಕಾಣ್ತದ, ಅಷ್ಟರಾಗ ಬಂದ್ ಬಿತ್ತು."

"ಮಚ್ಚೇಂದ್ರ ಏನಂತಾನ್ರಿ?"

"ಅಂವಗ ಏನೂ ತಿಳಿವಲ್ದು."

ಒಳಗಿನಿಂದ ಅನ್ವರಿ ಗಂಡನನ್ನೇ ನೋಡುತ್ತಿದ್ದಳು. ಹೋಗು ಎನ್ನುತ್ತಿದ್ದಾಳೋ ಬೇಡ ಎನ್ನುತ್ತಿದ್ದಾಳೋ ಅವನಿಗೆ ಗೊತ್ತಾಗಲಿಲ್ಲ. ನಟ್ಟು ಬಿಚ್ಚುವ ಪಾನಾಗಳ ಚೀಲ ಹುಡುಕಿ ತೆಗೆದು ಹೆಗಲಿಗೆ ಹಾಕಿಕೊಂಡ.

ಬಸ್ಸಿನಲ್ಲಿ ಇಬ್ಬರೂ ಪಕ್ಕದಲ್ಲೇ ಕೂತರು. ಸಾವಕಾರರು ಈ ಸಲದ ತೊಗರಿಯ ಮಾತು ತೆಗೆದರು, ಅರ್ಧಕ್ಕೇ ನಿಲ್ಲಿಸಿದರು. ಇವರಿಗೆ ಬೇರೆ ಏನೋ ಹೇಳುವುದಿದೆಯೇ, ಅಥವಾ ಲಾರಿಯ ಚಿಂತೆಯಷ್ಟೇ ಇರುವುದೇ ಎಂದು ಖಮರುದ್ದೀನ ದಾರಿಯುದ್ದಕ್ಕೂ ಯೋಚಿಸಿದ.

ಹುಮನಾಬಾದಿನಲ್ಲಿ ಲಾರಿ ಬೇವಿನ ಮರದ ಕೆಳಗೆ ನಿಂತಿತ್ತು. ಮಚ್ಚೇಂದ್ರ ಎದ್ದು ಬಂದ.

"ಏನರೇ ಬಿಚ್ಚೀಯೇನು?" ಖಮರುದ್ದೀನ ಕೇಳಿದ.

"ಇಲ್ರಿ. ಏನೂ ಮುಟ್ಟಿಲ್ಲ."

ಇಂಜಿನ್ನಿನ ಮುಂದಿನ ಮುಚ್ಚಳ ತೆಗೆದ ಕೂಡಲೇ ಕಾಯಿಲೆ ಕಂಡಿತು. ಕೆಳಗಿನ ಹಲ್ಲಿನ ಚಕ್ರಕ್ಕೂ ಮೇಲಿನ ಚಕ್ರಕ್ಕೂ ಸುತ್ತಿದ್ದ ಟೈಮಿಂಗ್ ಚೈನು ಸವೆದು ಸಡಿಲಾಗಿ ಹಲ್ಲು ಜಿಗಿದಿತ್ತು. ಕೆಳಗಿನ ಚಕ್ರದಿಂದ ಪಿಸ್ಟನ್ನುಗಳ ಲೆಕ್ಕ, ಮೇಲಿನದರಿಂದ ವಾಲ್ವುಗಳ ಲೆಕ್ಕ; ಹಲ್ಲು ಜಿಗಿದರೆ ಎರಡರ ಹೊಂದಿಕೆ ತಪ್ಪುತ್ತದೆ. ಎರಡೂ ಚಕ್ರಗಳ ಮೇಲೆ ಒಂದೊಂದು ಚುಕ್ಕೆ ಕೊರೆದಿರುತ್ತಾರೆ. ಖಮರುದ್ದೀನ ಮೇಲಿನ ಚಕ್ರ ಬಿಚ್ಚಿ, ಚುಕ್ಕೆಗೆ ಚುಕ್ಕೆ ಎದುರು ಮಾಡಿ ಚೈನು ಹಾಕಿದ. ಇಂಜಿನ್ ಸುತ್ತಿಸುವ ಮುಂದಿನ ಹ್ಯಾಂಡಲನ್ನು ಒಂದು ಸುತ್ತು ತಿರುವಿ ನೋಡಿದರೆ ಮೇಲಿನ ಚುಕ್ಕೆ ಆಚೆ ಕಡೆ ಹೋಗಿತ್ತು!

ತಪ್ಪು ಹಾಕಿದೆನೆ? ಇನ್ನೊಮ್ಮೆ ಹಾಕಿದ, ಇನ್ನೊಮ್ಮೆ ತಿರುವಿದ. ಹಾಗೆಯೇ ಆಯಿತು. ಕೆಳಗಿನದು ಎರಡು ಸುತ್ತಿದರೆ ಮೇಲಿನದು ಒಂದು ಸುತ್ತು ಎನ್ನುವುದು ಬಹಳ ಹೊತ್ತಿನ ಮೇಲೆ ನೆನಪಾಯಿತು. ಇದನ್ನೂ ಮರೆತೆನಲ್ಲ ಎಂದು ತನ್ನ ಮೇಲೇ ಸಿಟ್ಟು ಬಂತು. ಎರಡನೇ ಸುತ್ತಿಗೆ ಚುಕ್ಕೆಗಳು ಕೂಡಿದವು.

ಮುಚ್ಚಳ ಹಾಕಿ ಜೋರಾಗಿ ಹ್ಯಾಂಡಲ್ ಹೊಡೆದ. ಇಂಜಿನ್ ಕೆಮ್ಮಿತು, ಕಾರ್ಬುರೇಟರಿನಿಂದ ಫಟ್ಟೆಂದು ಬೆಂಕಿ ಉಗುಳಿ ಸುಮ್ಮನಾಯಿತು. ಮತ್ತೆ ಹೊಡೆದರೂ ಅದೇ. ಮುಚ್ಚಳ ಬಿಚ್ಚಿದ, ಚುಕ್ಕೆ ನೋಡಿದ. ಸರಿಯಾಗಿಯೇ ಇದ್ದವು.

"ಏನಾಗ್ಯದೋ?" ಸಾವಕಾರರು ಕೇಳಿದರು.

"ತಿಳಿವಲ್ದ್ರಿ. ಎಲ್ಲಾ ಬರೋಬರ್ ಅದ. ಆದ್ರ ಹೊಂದವಲ್ದು."

ಎಣ್ಣೆಗೈಯನ್ನೇ ತಲೆಗೆ ಹಚ್ಚಿಕೊಂಡು ಕೂತ. ತನಗೆ ಕೆಲಸ ಮರೆತಿದೆಯೋ, ಇಂಜಿನ್ನೇ ಬದಲಾಗಿದೆಯೋ ಒಂದೂ ತಿಳಿಯಲಿಲ್ಲ. ಕೊನೆಗೆ ಎದ್ದು ಮೊದಲನೇ ಪ್ಲಗ್ಗು ತೆಗೆದು ಆ ತೂತಿಗೆ ಹೆಬ್ಬೆರಳು ಒತ್ತಿ ಹಿಡಿದ. "ಯಾರರೇ ಹ್ಯಾಂಡಲ್ ತಿರುವ್ರಿ, ಸಾವಕಾಶ."

ಮಚ್ಚೇಂದ್ರ ಕದಲಲಿಲ್ಲ. ಸಾವಕಾರರೇ ಧೋತರ ಎತ್ತಿ ಕಟ್ಟಿ ಹ್ಯಾಂಡಲ್ ಹಿಡಿದರು. ಗಾಳಿ ಬೆರಳನ್ನು ದೂಡಿತು. "ನಿಂದರ್ರಿ!" ಎಂದ ಖಮರುದ್ದೀನ. ಪಿಸ್ಟನ್ನು ಗಾಳಿ ಒತ್ತಿ ಮೇಲೆ ಬಂದಿದೆ, ಈಗ ಮೊದಲನೇ ಪ್ಲಗ್ಗಿಗೇ ಕರೆಂಟು ಹೋಗಬೇಕು. ಪ್ಲಗ್ಗುಗಳಿಗೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರಿನ ಟೋಪಿ ತೆಗೆದು ನೋಡಿದ. ಒಳಗಿನ ಮುಳ್ಳು ಮೊದಲನೇ ಪ್ಲಗ್ಗಿನ ತಂತಿಯ ಕಡೆ ಇರದೆ ನೇರ ವಿರುದ್ಧ ದಿಕ್ಕಿಗೆ ಮುಖ ಮಾಡಿತ್ತು.

"ಮಚ್ಚೇಂದ್ರ, ಇದನ್ನ ಕಿತ್ತಿದ್ಯಾ?"

ಅವನು ನೆಲ ನೋಡಿದ. "ಹೌದ್ರಿ. ಕರೆಂಟಿಂದೇ ದೋಷ ಅಂತ ಕಿತ್ತು ಮತ್ತ ಹಾಕ್ದೆ. ಸಾವಕಾರ್ರು ಬೈತಾರಂತ ಹೇಳ್ಲಿಲ್ಲ."

ಖಮರುದ್ದೀನ ಡಿಸ್ಟ್ರಿಬ್ಯೂಟರನ್ನು ಎತ್ತಿ ಅರ್ಧ ಸುತ್ತು ತಿರುಗಿಸಿ ಕೂರಿಸಿದ. ಪ್ಲಗ್ಗು ಹಾಕಿ ಹ್ಯಾಂಡಲ್ ಹೊಡೆದ. ಇಂಜಿನ್ ಒಂದೇ ಏಟಿಗೆ ಹಿಡಿಯಿತು.

ಅದರ ಗದ್ದಲದಲ್ಲೇ ಸಾವಕಾರರು ಹತ್ತಿರ ಬಂದು, "ನಿನ್ನ ಕರೀಬೇಕಾಗಿತ್ತು ಖಮರು. ಯಾಕ ಕರೀಲಿಲ್ಲಂತ ನನಗೂ ಹೇಳಾಕ ಬರವಲ್ದು," ಎಂದರು. "ನಾಳಿಂದ ನೀನೇ ಗಾಡಿ ಹಿಡಿ."

ಈ ಮಾತಿಗಾಗಿ ಖಮರುದ್ದೀನ ವರ್ಷವಿಡೀ ಕಾದಿದ್ದ. ಈಗ ಕೇಳಿದರೆ ಖುಷಿ ಯಾಕೆ ಆಗುತ್ತಿಲ್ಲ ಎಂದು ಅರ್ಥವಾಗಲಿಲ್ಲ. ಮಚ್ಚೇಂದ್ರ ಅತ್ತ ತಿರುಗಿ ಚೀಲಗಳ ಹಗ್ಗ ಬಿಗಿಯುತ್ತಿದ್ದ.

"ಗಾಡಿ ಅಂವನೇ ನಡಸ್ಲಿ," ಎಂದ ಖಮರುದ್ದೀನ. "ಚೈನು ಸವದದ. ಹೈದರಾಬಾದಿಂದ ಹೊಸಾದು ತರಿಸ್ರಿ, ನಾ ಬಂದು ಹಾಕ್ತೀನಿ. ಅಲ್ಲೀತನಾ ಜೋರ್ ಓಡ್ಸಬ್ಯಾಡ್ರಿ."

"ಮತ್ತ ನೀನು?"

"ನನಗಿನ್ನಾ ತಿಳಿವಲ್ದ್ರಿ, ಸಾವಕಾರ್ರ."

ಸಾವಕಾರರು ತಲೆಯಾಡಿಸಿದರು. ಮೂವರೂ ಲಾರಿ ಹತ್ತಿದರು. ಮಚ್ಚೇಂದ್ರ ಮೆಲ್ಲಗೆ ಅಡತಿಯ ಕಡೆ ತಿರುಗಿಸಿದ. ಇಂಜಿನ್ನಿನ ಸದ್ದಿನಲ್ಲಿ ತಪ್ಪೇನಾದರೂ ಉಳಿದಿದೆಯೇ ಎಂದು ಖಮರುದ್ದೀನ ಕಿವಿಗೊಟ್ಟು ಕೂತ.