ಉಡಿ ಒಡ್ಡದ ದ್ರಾಕ್ಷಾಯಣಿ

ಗಜೇಂದ್ರಗಡದ ಗುಡ್ಡವನ್ನು ಬೇಕಾದರೆ ಕಿತ್ತು ನರೇಗಲ್ಲಿನ ಸಂತೆಯಲ್ಲಿ ಇಟ್ಟು ಬರಬಹುದು. ಆದರೆ ತವರಿಗೆ ಬಂದ ಮಗಳಿಗೆ ಉಡಿ ತುಂಬದಂತೆ ಆ ಊರಿನ ಹೆಂಗಸರನ್ನು ತಡೆಯುವುದು ಯಾವ ದೇವರಿಂದಲೂ ಆಗದ ಕೆಲಸ. ದ್ರಾಕ್ಷಾಯಣಿ ಗೋವಾದಿಂದ ಬಂದು ವಾರ ಕಳೆದಿತ್ತು ಅಷ್ಟೆ. ಅಷ್ಟರಲ್ಲಿ ಅವಳ ಸೆರಗಿಗೆ ಬಿದ್ದ ಅಕ್ಕಿಯಲ್ಲಿ ರೋಣ ತಾಲ್ಲೂಕಿಗೆಲ್ಲ ಒಂದು ಹೊತ್ತು ಊಟ ಹಾಕಬಹುದಿತ್ತು. ಕುಪ್ಪಸದ ಖಣಗಳನ್ನು ಒಂದಕ್ಕೊಂದು ಹೊಲಿದಿದ್ದರೆ ಸೂಡಿಯ ತನಕ ಚಪ್ಪರ ಆಗುತ್ತಿತ್ತು.

ಉಡಿ ತುಂಬುವುದೆಂದರೆ ಆ ಕಡೆ ಅರ್ಥ ಒಂದೇ: ಉಂಡೆ, ಉಟ್ಟೆ, ಇನ್ನು ಸುಖವಾಗಿ ಗಂಡನ ಮನೆಗೆ ಹೊಳ್ಳಿ ಹೋಗು. ದ್ರಾಕ್ಷಾಯಣಿ ಹೊಳ್ಳಿ ಹೋಗಲು ಬಂದಿರಲಿಲ್ಲ. ಇರಲಿಕ್ಕೆ ಬಂದಿದ್ದಳು. ಗಂಡನಿಗೂ ಅವಳಿಗೂ ಮಾತು ಮುಗಿದು ವರ್ಷವಾಗಿತ್ತು. ಜಗಳವೂ ಮುಗಿದಿತ್ತು, ಅದು ಇನ್ನೂ ಕೆಟ್ಟದ್ದು. ಪಣಜಿಯಲ್ಲಿ ತಾನು ನಡೆಸುತ್ತಿದ್ದ ಖಾನಾವಳಿಗೆ ಬೀಗ ಜಡಿದು, ಕೀಲಿಯನ್ನು ಜಾಗದ ಮಾಲೀಕನ ಕೈಗಿಟ್ಟು ಬಸ್ಸು ಹತ್ತಿದ್ದಳು. ತವರಿನಲ್ಲಿ ಇದನ್ನು ಬಾಯಿಬಿಟ್ಟು ಹೇಳುವುದೊಂದೇ ಬಾಕಿ.

ಪಣಜಿಯಲ್ಲಿ ಅವಳ ಬಾಯಿ ಎಂಥದ್ದೆಂದರೆ, "ಉಂಡ ತಾಟು ಎತ್ತರೋ" ಎಂದು ಒಮ್ಮೆ ಗದರಿದರೆ ಮಾಂಡವಿ ಹೊಳೆಯ ಹಡಗುಗಳೆಲ್ಲ ದಂಡೆಗೆ ಬಂದು ನಿಲ್ಲುತ್ತಿದ್ದವು. ಅಂಥ ಬಾಯಿ ತವರಿನ ಹೊಸ್ತಿಲು ದಾಟಿದ್ದೇ ಹೊಲಿಗೆ ಹಾಕಿಸಿಕೊಂಡಿತು. ತಪ್ಪೂ ಅವಳದೇ. ಅಮಾಸಿಗೊಮ್ಮೆ ಫೋನು ಹಚ್ಚಿ ಜಂಬ ಕೊಚ್ಚಿದ್ದಳು: ರೊಟ್ಟಿಗೆ ಮಂದಿ ಸಾಲು ನಿಲ್ಲುತ್ತಾರೆ, ಮಂತ್ರಿಯ ಡ್ರೈವರು ಬಂದು ಶೇಂಗಾ ಚಟ್ನಿ ಕಟ್ಟಿಸಿಕೊಂಡು ಹೋಗುತ್ತಾನೆ. ಅವ್ವ ಸಣ್ಣವ್ವ ಅದಕ್ಕೆ ಇನ್ನಷ್ಟು ಒಗ್ಗರಣೆ ಹಾಕಿ ಓಣಿಗೆ ಹಂಚಿದ್ದಳು. ಅರ್ಧ ಗೋವಾ ದ್ರಾಕ್ಷಾಯಣಿಯದೇ ಎಂದು ಓಣಿ ನಂಬಿತ್ತು. ಅರ್ಧ ಗೋವಾ ಬಿಟ್ಟು ಯಾರು ತವರಿನ ಮಗ್ಗದ ಮನೆಗೆ ಬಂದು ಕೂರುತ್ತಾರೆ?

"ಖಾನಾವಳಿ ಯಾರ ಮ್ಯಾಲೆ ಬಿಟ್ಟು ಬಂದೀರಿ ಅಕ್ಕಾರ?" ತಮ್ಮ ಶಂಭುಲಿಂಗನ ಹೆಂಡತಿ ಬನಶ್ರೀ ದಿನಾ ಕೇಳುತ್ತಿದ್ದಳು.

"ಅದಾರ."

"ಭಾಳ ದಿನಾ ಬಿಟ್ಟರ ಹ್ಯಾಂಗ್ರಿ? ಗಿರಾಕಿ ಬ್ಯಾರೆ ಕಡೆ ರುಚಿ ಹಿಡೀತಾವ."

ಕೆಟ್ಟ ಮನಸ್ಸಿನ ಮಾತಲ್ಲ. ದೊಡ್ಡ ಮಗಳು ಬಂದಿದ್ದಾಳೆಂದು ಅವಳಿಗೆ ಮರ್ಯಾದೆಯ ಹುಚ್ಚು. ಕಸಬರಿಗೆ ಮುಟ್ಟಿದರೆ ಕಸಿದುಕೊಳ್ಳುವಳು, ಒಲೆಯ ಹತ್ತಿರ ಹೋದರೆ ಚಹಾ ಕೊಟ್ಟು ಹೊರಗೆ ಕಳಿಸುವಳು. "ನೀವ್ ಕುಂದರ್ರಿ." ಕುಳಿತು ಕುಳಿತು ದ್ರಾಕ್ಷಾಯಣಿಯ ಕೆಳಗಿನ ಚಾಪೆ ಸವೆದು, ನೆಲ ಸವೆದು, ಇನ್ನೊಂದು ಕುಣಿಮಗ್ಗ ಹೂಡುವಷ್ಟು ತಗ್ಗು ಬಿದ್ದಿತ್ತು.

ಇದರ ಮೇಲೆ ಮುರ್ತುಜಾಸಾಬನ ಆಟೋ. ಓಣಿಯಲ್ಲಿ ಯಾರು ಉಡಿ ತುಂಬಿದರೂ ಅವನಿಗೆ ಸುದ್ದಿ ಮುಟ್ಟುವುದು. ಉಡಿ ತುಂಬಿತೆಂದರೆ ಬಸ್‌ ಸ್ಟ್ಯಾಂಡಿಗೆ ಬಾಡಿಗೆ ಸಿಕ್ಕಿತೆಂದೇ ಅವನ ಲೆಕ್ಕ.

"ಅಕ್ಕಾರ, ಗದಗ ಬಸ್ಸು ಆಗಿಂದ ನಿಂತೈತಿ. ಬ್ಯಾಗ ಕೊಡ್ರಿ."

"ಇವತ್ತಲ್ಲಪಾ."

"ನಾಳೆ ಬರ್ಲ್ಯಾ?"

"ನೀ ಬರೂದ ಬ್ಯಾಡ."

"ಬಿಡ್ರಿ, ತವರಮನಿ ಅಂದ್ರ ಕಾಲ ಏಳಂಗಿಲ್ಲ," ಎಂದು ನಕ್ಕು ಹೋಗಿ, ಮರುದಿನ ಮತ್ತೆ ಹಾಜರು.

ಒಂದು ಮುಂಜಾನೆ ಮಗ್ಗಕ್ಕೆ ಉದ್ದುದ್ದ ಹೂಡಿದ ನೂಲಿನ ಹಾಸು ಮುಗಿದಿತ್ತು. ಹಳೆ ಹಾಸಿನ ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಹೊಸೆದು ಕೂಡಿಸಬೇಕು, ಅದಕ್ಕೆ ಕೆಚ್ಚುವುದು ಎನ್ನುತ್ತಾರೆ. ಕೆಚ್ಚುತ್ತಿದ್ದ ಬನಶ್ರೀ ಏನೋ ನೆನಪಾಗಿ ಒಳಗೆ ಹೋದಳು. ದ್ರಾಕ್ಷಾಯಣಿ ಕಳ್ಳಿಯ ಹಾಗೆ ಆ ಜಾಗಕ್ಕೆ ಜಾರಿದಳು. ಮದುವೆಗೆ ಮುಂಚೆ ಅದು ಅವಳದೇ ಜಾಗ. ರೊಟ್ಟಿ ಬಡಿದ ಬೆರಳುಗಳಿಗೆ ಎಳೆ ನಿಲ್ಲಲಿಲ್ಲ. ಜಾರಿತು, ಮತ್ತೆ ಜಾರಿತು. ಹಲ್ಲು ಕಚ್ಚಿ ಹೊಸೆದಳು. ಒಂದು ನಿಂತಿತು.

ಅಷ್ಟರಲ್ಲಿ ಬನಶ್ರೀ ತಾಟು ಹಿಡಿದು ಬಂದಳು. ಅಕ್ಕಿ, ಕೊಬ್ಬರಿ ಬಟ್ಟಲು, ಖಣ. ಹಿಂದೆ ಸಣ್ಣವ್ವ, ಕುಂಕುಮದ ಭರಣಿಯೊಂದಿಗೆ.

"ಏಳ್ರಿ ಅಕ್ಕಾರ, ಸೆರಗ ಒಡ್ಡರಿ. ಹೋಗಾಕ ಇವತ್ತ ಚಲೋ ದಿನ ಐತಿ. ಮುರ್ತುಜಾಸಾಬಗೂ ಹೇಳೀನಿ."

ಹೊರಗೆ ಹಾರ್ನು ಕೂಗಿತು.

"ಒಡ್ಡಾಕ ಬರಂಗಿಲ್ಲ," ಅಂದಳು ದ್ರಾಕ್ಷಾಯಣಿ. "ಕೈ ಖಾಲಿ ಇಲ್ಲ. ಬಿಟ್ಟರ ಎಳಿ ಗೋಜಲ ಆಗ್ತಾವ."

"ನಾ ಹಿಡೀತೀನಿ, ತರ್ರಿ."

"ನೀ ತಾಟ ಹಿಡದೀ."

ಬನಶ್ರೀ ತನ್ನ ಕೈ ತಾನೇ ನೋಡಿಕೊಂಡಳು. ಶಂಭುಲಿಂಗ ಬಾಗಿಲಿಗೆ ಬಂದ. "ಅಕ್ಕಾ, ಬಸ್ಸು ಹೋಕ್ಕೈತಿ."

"ಹೋಗ್ಲಿ."

"ನಾಳೆ ಹೋಗ್ತಿ?"

"ನಾಳೆನೂ ಇಲ್ಲ. ಖಾನಾವಳಿ ಮುಚ್ಚೀನಿ. ಅಂವ ಅಲ್ಲಿ ಇರ್ತಾನ, ನಾ ಇಲ್ಲಿ ಇರ್ತೀನಿ."

ಎಷ್ಟು ಸದ್ದಡಗಿತೆಂದರೆ, ಗುಡ್ಡದ ಮೇಲೆ ಕಾಲಕಾಲೇಶ್ವರನ ಹೊಂಡಕ್ಕೆ ನೀರು ತೊಟ್ಟಿಕ್ಕುವುದು ಓಣಿಗೆ ಕೇಳಿಸಿತು.

"ಮತ್ತ ಆ ಮಂತ್ರಿ ಡ್ರೈವರ?" ಸಣ್ಣವ್ವನಿಗೆ ಮೊದಲು ನೆನಪಾದದ್ದು ಅದು.

"ಅಂವ ಹಾಲಿನ ಗಾಡಿ ಡ್ರೈವರವಾ."

"ನಾ ಓಣಿಗೆಲ್ಲಾ ಹೇಳೀನಲ್ಲ."

"ನೀ ಹೇಳಿದ್ದು ನೀ ನೋಡಕೋ."

ಶಂಭುಲಿಂಗ ರೇಗಿದ. "ಬಂದ ದಿನಾನ ಹೇಳಾಕ ಏನಾಗಿತ್ತು? ಮನಿಮನಿ ಉಡಿ ಅಕ್ಕಿ ಹೊತ್ತು ನನ್ನ ಹೆಗಲ ಬಿದ್ದು ಹೋದವು."

"ಯಾವಾಗ ಹೊಂಟಿ ಅಂತ ಎಲ್ಲಾರೂ ಕೇಳಿದ್ರಿ. ಇರ್ತಿಯೇನು ಅಂತ ಯಾರ ಕೇಳಿದ್ರಿ?"

ಅಂದ ಮೇಲೆ ಅವಳಿಗೇ ಚುಚ್ಚಿತು. ಯಾರಾದರೂ ಕೇಳಲಿ ಎಂದು ಕಾಯುವುದು ಬಂದು ಹೋಗುವ ಬೀಗರ ಕೆಲಸ. ಬನಶ್ರೀ ಚಾಪೆ ಹಾಸುವುದಕ್ಕೂ ಮೊದಲೇ ತಾನು ಬೀಗರಂತೆ ಕುಳಿತಾಗಿತ್ತು.

ಬನಶ್ರೀ ತಾಟು ನೋಡಿದಳು. "ಹಂಗಾರ ಈ ಅಕ್ಕಿ ಮಧ್ಯಾಹ್ನಕ್ಕ ಇಡ್ಲೇನ್ರಿ?"

"ಇಡು. ಕೊಬ್ಬರಿ ಚಟ್ನಿಗಿರಲಿ."

ಹೊರಟವಳು ನಿಂತು, ಬಗ್ಗಿ, ಕೆಚ್ಚಿದ ಕಡೆ ದಿಟ್ಟಿಸಿದಳು. "ಇಲ್ಲೆ ಬಿಟ್ಟೈತಿ ನೋಡ್ರಿ. ಬೆರಳಿಗೆ ಬೂದಿ ಹಚ್ಚಲಾರದ ಕೆಚ್ಚಿದ್ರ ನಿಲ್ಲತೈತೇನು? ನನ್ನ ಅರ್ಧಾ ದಿನದ ಕೆಲಸ ಹಾಳ ಮಾಡಿದ್ರಿ."

ಬಂದಾಗಿನಿಂದ ಆ ಮನೆಯಲ್ಲಿ ಯಾರಾದರೂ ಅವಳನ್ನು ಬೈದದ್ದು ಅದೇ ಮೊದಲು. ದ್ರಾಕ್ಷಾಯಣಿ ಬೂದಿಯ ಬಟ್ಟಲು ಹತ್ತಿರ ಎಳೆದುಕೊಂಡಳು.

ಮುರ್ತುಜಾಸಾಬ ಕಿಟಕಿಯಲ್ಲಿ ಇಣುಕಿದ. "ಅಕ್ಕಾರ, ಮತ್ತ ನಾಳೆ ಬರ್ಲ್ಯಾ?"

ಅವಳು ಗದರಿ ಕೊಟ್ಟ ಉತ್ತರಕ್ಕೆ, ಆಗಲೇ ನರೇಗಲ್ ದಾಟಿದ್ದ ಗದಗ ಬಸ್ಸು ಗಕ್ಕನೆ ನಿಂತಿತಂತೆ.